ಗುಬ್ಬಿಗಷ್ಟೇ ಹಾಡಿದ ಸಾಲು

ಮಂಗಳವಾರ, ಬೆಳಗ್ಗೆ

ನನ್ನ ಮುದ್ದು ಗುಬ್ಬೀ,

ಫೋನಿನಲ್ಲಿ ನೀನು ಮಾತು ಹಾರಿಸುತ್ತೀಯ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಊಟ ಮಾಡಿಕೊಂಡು ಓದು. ಹಸಿದಿದ್ದರೆ ನಿನಗೆ ಮೂಗಿನ ತುದಿಯಲ್ಲೇ ಕೋಪ.

ನಿನ್ನೆ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಮಗುವನ್ನು ಮಲಗಿಸಲು ಫೋನಿನಲ್ಲಿ ನನ್ನ ಜೋಗುಳ ಹಾಕಿದಳು. ಬಿಡುಗಡೆಗೆ ಮೊದಲೇ ನಮ್ಮ ಆಲ್ಬಮ್ ಪುಕ್ಕಟೆ ಡೌನ್‌ಲೋಡ್ ಆಗಿ ಊರೆಲ್ಲ ಸುತ್ತುತ್ತಿರುವುದು ಗೊತ್ತಿತ್ತು, ಕೇಳುವ ಮನಸ್ಸು ಮಾತ್ರ ಆಗಿರಲಿಲ್ಲ. ಮಗು ನಿದ್ದೆಹೋಯಿತು. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಆಮೇಲೆ ಮೂರನೆಯ ಚರಣ ಬಂತು. ಆಲ್ಬಮ್ಮಿನಲ್ಲಿ ಅಲ್ಲಿ ‘ಕಂದಾ’ ಎಂದಿದೆ. ಆ ಫೋನಿನಲ್ಲಿ ನಾನು ‘ಗುಬ್ಬೀ’ ಎನ್ನುತ್ತಿದ್ದೆ.

ಹಾಗೆ ಹಾಡಿದ್ದು ಒಂದೇ ಸಲ. ನಿನ್ನ ಹುಟ್ಟುಹಬ್ಬಕ್ಕೆಂದು, ನಿನಗೆ ಕಳಿಸಿದ ಪ್ರತಿಯಲ್ಲಿ ಮಾತ್ರ. ನನ್ನ ಸ್ಟಾಪು ದಾಟಿ ಹೋದದ್ದೂ ತಿಳಿಯಲಿಲ್ಲ.

ಹೆತ್ತವಳ ಹಾಡು ನಾಲ್ಕು ಜನರ ಕಿವಿಗೆ ಬೀಳಲಿ ಎಂಬ ಹೆಮ್ಮೆಯಿಂದಲೇ ಆ ಪ್ರತಿಯನ್ನು ಇಂಟರ್ನೆಟ್ಟಿಗೆ ಹಾಕಿದ್ದೀಯ. ಅದರಲ್ಲಿ ನನಗೆ ಸಂಶಯವಿಲ್ಲ. ಹೋದ ವಾರ ನಾನು ಗೋಳಾಡಿದಾಗ, ಹಾಡು ಗಾಳಿ ಇದ್ದ ಹಾಗೆ ಕಣಮ್ಮ, ಗಾಳಿಗೆ ಯಾರು ದುಡ್ಡು ಕೊಡ್ತಾರೆ ಅಂದೆಯಲ್ಲ? ಗಾಳಿಗೆ ಬೇಡ ಮಾರಾಯ್ತಿ, ಊದುವವನಿಗೆ ಹೊಟ್ಟೆ ಇದೆ. ನಾವು ನಾಲ್ವರು ಮುಂಗಡ ಮುಟ್ಟದೆ, ಮಾರಾಟದಲ್ಲಿ ಸಮಪಾಲು ಎಂದು ಮಾಡಿದ ಕೆಲಸ ಅದು. ಕೊಳಲಿನವರ ಮುಂದಿನ ಹಲ್ಲು ಅಲುಗಾಡುತ್ತಿದೆ. ಇನ್ನೊಂದು ಆಲ್ಬಮ್ಮಿಗೆ ಊದುತ್ತಾರೋ ಇಲ್ಲವೋ. ಕಂಡವರ ಗಂಟಿನಲ್ಲಿ ದಾನ ಮಾಡುವುದು ಸುಲಭ, ಗುಬ್ಬೀ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಹಾಡುಗಳನ್ನು ರೆಕಾರ್ಡ್ ಮಾಡಿದ ನಿನ್ನ ವೈರ್ ಮಾಮನೇ ಕದ್ದು ಹಂಚಿದ್ದು ಎಂದು ಕೊಳಲಿನವರೂ ಡ್ರಮ್ಮಿನವನೂ ಅವನ ಮುಖಕ್ಕೇ ಹೇಳಿದರು. ಮೂಲ ಪ್ರತಿ ಇದ್ದದ್ದು ಅವನ ಹತ್ತಿರ ತಾನೆ? ಸುದ್ದಿ ಹಬ್ಬಿ ಬೇರೆ ಹಾಡುಗಾರರೂ ಅವನತ್ತ ಸುಳಿಯುತ್ತಿಲ್ಲ. ನೀನು ಚಿಕ್ಕವಳಿದ್ದಾಗ ಹೆಡ್‌ಫೋನ್ ಹಾಕಿಕೊಂಡೇ ನಿದ್ದೆಮಾಡುತ್ತಿದ್ದ ಆ ಸ್ಟುಡಿಯೋಗೆ ಬೀಗ ಬಿದ್ದಿದೆ.

ಶನಿವಾರ ಸಂಜೆ ಸಭಾಂಗಣದಲ್ಲಿ ಇಡೀ ಆಲ್ಬಮ್ ಹಾಡುತ್ತೇನೆ. ಟಿಕೆಟ್ ಇಟ್ಟಿದ್ದೇನೆ, ನೆಂಟರಿಗೂ ಬಿಟ್ಟಿ ಇಲ್ಲ. ಬಂದದ್ದು ನಾಲ್ಕು ಪಾಲು. ವೈರ್ ಮಾಮನದೂ ಸೇರಿ. ನೀನು ಮಧ್ಯಾಹ್ನದ ಬಸ್ಸಿಗೇ ಬಾ. ಕೊಳಲಿನವರ, ಡ್ರಮ್ಮಿನವನ ಎದುರು ನಿಂತು, ಹಾಕಿದ್ದು ನಾನು ಎನ್ನು. ಅಳು ಬಂದರೆ ಅಳು, ಹೇಳಿ ಮುಗಿಸಿ ಅಳು. ನಾನು ಪಕ್ಕದಲ್ಲೇ ಇರುತ್ತೇನೆ. ನೀನು ಬರದಿದ್ದರೆ ವೇದಿಕೆಯ ಮೇಲೆ, ಮೊದಲ ಹಾಡಿಗೆ ಮುಂಚೆ, ನಾನೇ ಹೇಳುತ್ತೇನೆ. ನನ್ನ ಹಟ ನಿನಗೆ ಗೊತ್ತು. ನಿನ್ನದೂ ಅದೇ ತಾನೆ.

ನಿನ್ನ ಮೇಲೆ ಕೋಪವಿದೆ. ಪ್ರೀತಿ ಒಂದು ಚೂರೂ ಕಡಿಮೆಯಾಗಿಲ್ಲ.

ನಿನ್ನ
ಅಮ್ಮ

ಮರೆತಿದ್ದೆ: ನಿನ್ನೆ ಬಸ್ಸಿಳಿದವಳೇ ವೈರ್ ಮಾಮನ ಮನೆಗೆ ಹೋಗಿ ವಿಷಯ ಹೇಳಿದೆ. ಅವನಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ‘ಗುಬ್ಬೀ’ ಎಂದದ್ದನ್ನು ರೆಕಾರ್ಡ್ ಮಾಡಿದವನೇ ಅವನಲ್ಲವೆ? ಮಗು ಓದ್ತಾ ಇದೆ ಅಕ್ಕಾ, ಕೆಟ್ಟ ಹೆಸರು ನನಗೇ ಇರಲಿ ಬಿಡಿ ಅಂದ. ಈ ಕಾಗದ ಬರೆಯಬೇಡಿ ಎಂದು ಕೈಮುಗಿದು ಬೇಡಿಕೊಂಡ. ಈಗ ಅಂಚೆಗೆ ಹಾಕಲು ಹೊರಟಿದ್ದೇನೆ.