ಸಿಹಿ ಮಾತು ಕೇಳಿದರೆ ಬಾಗಿಲು ಹಾಕು

ನನ್ನ ಬಾಯಿಬಡುಕ ಅಣ್ಣನಿಗೆ,

ನೀನು ಇದನ್ನು ಓದುವುದಿಲ್ಲ ಎಂದು ಗೊತ್ತು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಆ ಬಾಗಿಲ ಮುಂದೆ ಕೂತು ನಿನ್ನೊಡನೆ ಮಾತಾಡುವುದು ಇನ್ನು ಆಗದು. ಯಾಕೆಂದು ಹೇಳುತ್ತೇನೆ. ಮಧ್ಯೆ ಬಾಯಿ ಹಾಕಬೇಡ.

ದೆವ್ವ ಹಿಡಿಯುವ ಕಸುಬನ್ನು ಅಪ್ಪ ನಮಗೆ ಒಂದೇ ಗಾದೆಯಿಂದ ಕಲಿಸಿದ್ದ. 'ಬಯ್ದು ಹೇಳೋರು ಬದುಕೋಕೆ ಹೇಳ್ತಾರೆ, ನಕ್ಕು ಹೇಳೋರು ಕೆಡೋಕೆ ಹೇಳ್ತಾರೆ.' ದೆವ್ವ ಯಾರ ದನಿಯನ್ನು ಬೇಕಾದರೂ ಕದಿಯುತ್ತದೆ, ಆದರೆ ನಾವು ಕೇಳಲು ಹಂಬಲಿಸುವುದನ್ನೇ ಆಡುತ್ತದೆ. ಅದಕ್ಕೇ ಒಳಗೆ ಹೋದವನು, ತನ್ನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಬಾಗಿಲಲ್ಲಿ ಹಿಡಿದು ನಿಂತವಳನ್ನು ಬಯ್ಯುತ್ತಲೇ ಇರಬೇಕು. ಬೈಗುಳ ಬರುವ ತನಕ ಒಳಗಿರುವುದು ನಮ್ಮವನೇ. ಸಿಹಿ ಮಾತು ಬಂತೋ, ಅಗುಳಿ ಜಡಿದು ಹೊಸ್ತಿಲಿಗೆ ಉಪ್ಪು ಸುರಿಯಬೇಕು. ಮತ್ತೆ ತೆಗೆಯುವಂತಿಲ್ಲ. ಮನುಷ್ಯರ ಮಾತೇ ಅದರ ಕೂಳು, ಅದು ಸಿಗದಿದ್ದರೆ ಒಳಗೇ ಒಣಗಿ ಸಾಯುತ್ತದೆ.

ಬಯ್ಯುವ ಕೆಲಸ ನಿನಗೆ ಹೇಳಿ ಮಾಡಿಸಿದ್ದು. ಕೆಲಸ ಇಲ್ಲದ ದಿನವೂ ಅಭ್ಯಾಸ ಬಿಡುತ್ತಿರಲಿಲ್ಲ. ನಾನು ಹಾಕಿದ ಗಂಟು ನೋಡಿ 'ಇದನ್ನ ಕತ್ತೇನೂ ಬಿಚ್ಚುತ್ತೆ, ಮೊದ್ದು' ಎನ್ನುತ್ತಿದ್ದೆ. ಕತ್ತೆ ಬಿಚ್ಚಬಹುದು, ದೆವ್ವ ಬಿಚ್ಚಲಾರದು. ಅದು ಹರಿಯುತ್ತದೆ, ಕಚ್ಚುತ್ತದೆ, ಗಂಟು ಬಿಚ್ಚುವ ತಾಳ್ಮೆ ಮಾತ್ರ ಅದಕ್ಕಿಲ್ಲ. ಅದನ್ನು ಕಲಿಸಿದವನೂ ನೀನೇ.

ಆ ಲಾಂಡ್ರಿಗೆ ನಾವು ಹೋದದ್ದು ಮಟಮಟ ಮಧ್ಯಾಹ್ನ. ಬಟ್ಟೆ ಒಣಗಿಸುವ ಕೋಣೆಯಿಂದ ಸತ್ತ ತಾಯಿ ಕರೆದಳೆಂದು ಒಳಗೆ ಹೋದ ಲಾಂಡ್ರಿಯವನು ಹೊರಗೆ ಬಂದಿರಲಿಲ್ಲ. ಅವನ ಹೆಂಡತಿ ಇಸ್ತ್ರಿ ಮೇಜಿಗೆ ಒರಗಿ, ಆರಿದ ಇಸ್ತ್ರಿಪೆಟ್ಟಿಗೆಯನ್ನು ಬಿಡದೆ ಹಿಡಿದಿದ್ದಳು. ನೀನು ಒಂದು ಉಪ್ಪಿನ ಡಬ್ಬಿ ನನಗೆ ಕೊಟ್ಟು, ಇನ್ನೊಂದನ್ನು ಎತ್ತಿಕೊಂಡು, ಸಾಲುಸಾಲು ಬಿಳಿ ಹಾಸಿಗೆ ಬಟ್ಟೆಗಳ ನಡುವೆ ಮರೆಯಾದೆ. ಬೈಗುಳ ಶುರುವಾಯಿತು. 'ಹಗ್ಗ ಸಡಿಲ ಬಿಡೇ ಸೋಂಬೇರಿ. ನಿಂತೇ ನಿದ್ದೆ ಮಾಡ್ಬೇಡ, ಎಮ್ಮೆ. ಅಡುಗೇನಂತೂ ಕಲೀಲಿಲ್ಲ, ಹಗ್ಗ ಹಿಡಿಯೋದಾದ್ರೂ ಕಲಿ.' ನಾನು ಬಾಯಿ ಮುಚ್ಚಿ ನಗುತ್ತಿದ್ದೆ.

ಆಮೇಲೆ ಬಟ್ಟೆಗಳೆಲ್ಲ ಒಟ್ಟಿಗೆ ಬಾಗಿಲ ಕಡೆ ಉಬ್ಬಿದವು, ಗಾಳಿಯೇ ಇಲ್ಲದೆ. ಹಗ್ಗ ಒಮ್ಮೆ ಬಿಗಿಯಾಗಿ ಸಡಿಲವಾಯಿತು. ನೀನು ಸುಮ್ಮನಾದೆ. ನಾನು ಕೂಗಬೇಕು ಎನ್ನುವಷ್ಟರಲ್ಲಿ ನಿನ್ನ ದನಿ ಬಂತು, ಮೆತ್ತಗೆ. 'ಪುಟ್ಟಿ, ನೀನು ಬಾಗಿಲಲ್ಲಿದ್ದೀಯ ಅಂತ ನಂಗೆ ಯಾವತ್ತೂ ಭಯ ಆಗ್ಲಿಲ್ಲ ಕಣೇ.'

ಹುಟ್ಟಿದಾಗಿನಿಂದ ನಾನು ಕೇಳಬೇಕೆಂದಿದ್ದ ಮಾತು ಅದು. ಅದಕ್ಕೇ ಅಗುಳಿ ಜಡಿದೆ. ಹೊಸ್ತಿಲಿಗೆ ಸುರಿದ ಉಪ್ಪಿನಲ್ಲಿ ಅರ್ಧ ನನ್ನ ಕಾಲ ಮೇಲೆ ಚೆಲ್ಲಿತು. ಬಾಗಿಲ ಹಲಗೆಗೆ ಒಳಗಿನಿಂದ ಏನೋ ಬಂದು ಬಡಿದು, ಕೆರೆದು, ಸುಮ್ಮನಾಯಿತು. ಬಾಗಿಲ ಕೆಳಗೆ ಸಿಕ್ಕಿಕೊಂಡಿದ್ದ ಹಗ್ಗವನ್ನು ಎಳೆದೆ, ಸಲೀಸಾಗಿ ಬಂತು. ತುದಿ ಹರಿದಿರಲಿಲ್ಲ, ಕಚ್ಚಿರಲಿಲ್ಲ. ಗಂಟಿನ ಸುಕ್ಕು ಇನ್ನೂ ಹಾಗೆಯೇ ಇತ್ತು. ಯಾರೋ ಬೆರಳಿನಿಂದ ನಿಧಾನವಾಗಿ ಬಿಚ್ಚಿದ್ದರು.

ಆಗ ತಿಳಿಯಿತು ಅಣ್ಣ. ಅದು ಹಗ್ಗದ ಜಾಡು ಹಿಡಿದು ನನ್ನ ಕಡೆ ಬರುತ್ತಿತ್ತು. 'ಬಾಗಿಲು ಹಾಕು' ಎಂದರೆ ನಾನು ಹಾಕುವವಳಲ್ಲ, ನಿನಗೆ ಗೊತ್ತು. ಅದಕ್ಕೇ ನೀನೇ ಗಂಟು ಬಿಚ್ಚಿ, ಬೇಕೆಂದೇ ಸಿಹಿ ಮಾತಾಡಿದೆ. ಅಗುಳಿ ತೆಗೆಯಲು ಕೈ ಇಟ್ಟೆ, ಲಾಂಡ್ರಿಯವಳು ನನ್ನ ಸೊಂಟ ಹಿಡಿದು ಎಳೆದಳು. ಅಷ್ಟರಲ್ಲಿ ಒಳಗೆ ಉಸಿರಿನ ಸದ್ದೂ ಇರಲಿಲ್ಲ.

ಅಂದಿನಿಂದ ದಿನಾ ಮಧ್ಯಾಹ್ನ ಹೋಗಿ ಆ ಬಾಗಿಲಿಗೆ ಒರಗಿ ಕೂತೆ. ಒಂದು ದಿನ ಒಳಗಿನಿಂದ ನೀನು ಬಯ್ದೆ. 'ಹಗ್ಗ ಸಡಿಲ ಬಿಡೇ ಸೋಂಬೇರಿ.' ನಾನು ಬಾಗಿಲಿಗೆ ಕಿವಿ ಹಚ್ಚಿದೆ. ಎಮ್ಮೆ ಬಂತು, ಅಡುಗೆ ಬಂತು, ಎಲ್ಲ ಅದೇ ಸಾಲಿನಲ್ಲಿ. ಮಾರನೆಯ ದಿನವೂ ಅಷ್ಟೇ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಪ್ಪ ಹೇಳಿದ್ದು ಸುಳ್ಳಾಗಿರಲಿಲ್ಲ. ಈಗ ನಾನು ಹಂಬಲಿಸುವುದು ಬೈಗುಳವನ್ನೇ ತಾನೆ?

ಆದರೂ ಆಸೆ ಬಿಡಲಿಲ್ಲ. ನೀನು ಒಂದೇ ಬೈಗುಳವನ್ನು ಎರಡು ಸಲ ಬಯ್ದವನಲ್ಲ. ಹೊಸದೊಂದು ಬಂದರೆ ಬಾಗಿಲು ತೆಗೆಯುವುದೆಂದು ನಿಶ್ಚಯಿಸಿದೆ. ನಿನ್ನೆ ಬಂತು. 'ಬಿಟ್ಟು ಹೋದ್ಯಲ್ಲೋ ಪಾಪಿ.'

ಅಗುಳಿ ಅರ್ಧ ಸರಿಸಿದ್ದೆ. ಆಮೇಲೆ ನೆನಪಾಯಿತು. ಆ ಮಾತು ನನ್ನದು. ಮೊನ್ನೆ ಆ ಬಾಗಿಲಿಗೆ ಹಣೆ ಹಚ್ಚಿ ಅತ್ತಾಗ ನಾನೇ ನಿನ್ನನ್ನು ಬಯ್ದದ್ದು. ಇಷ್ಟು ದಿನ ನಿನ್ನನ್ನು ಕಾಯುತ್ತಿದ್ದೇನೆ ಎಂದುಕೊಂಡು ಅದಕ್ಕೆ ಕೂಳು ಹಾಕುತ್ತಿದ್ದೆ. ಅಗುಳಿ ಮತ್ತೆ ಜಡಿದು, ಹೊಸ ಉಪ್ಪು ಸುರಿದು, ತುಟಿ ಕಚ್ಚಿಕೊಂಡು ಎದ್ದು ಬಂದೆ. ಬೀದಿ ಮುಗಿಯುವ ತನಕ ಅದು ನಿನ್ನ ದನಿಯಲ್ಲಿ ಬಯ್ಯುತ್ತಲೇ ಇತ್ತು. ತಿರುಗಿ ನೋಡಲಿಲ್ಲ. ಇನ್ನು ಹೋಗುವುದಿಲ್ಲ. ಕಾಗದದಲ್ಲಿ ಮಾತಾಡಿದರೆ ಅದಕ್ಕೆ ಕೇಳಿಸುವುದಿಲ್ಲ, ಅದಕ್ಕೇ ಈ ಪತ್ರ.

ನೀನು ಕೊನೆಗೆ ಆಡಿದ ಮಾತಿಗೆ ನಾನು ಉತ್ತರ ಕೊಡಲಿಲ್ಲ, ಅಗುಳಿ ಜಡಿದೆ. ಈಗ ಕೊಡುತ್ತೇನೆ. ನೀನು ಒಳಗೆ ಬಯ್ಯುತ್ತಿದ್ದೀಯ ಅಂತ ನನಗೂ ಯಾವತ್ತೂ ಭಯ ಆಗಿರಲಿಲ್ಲ, ಅಣ್ಣ. ಈಗ ಆಗುತ್ತದೆ.

ನೀನಿರುವ ಕಡೆ ಯಾರ ಬಾಗಿಲನ್ನೂ ಕಾಯದೆ ತಣ್ಣಗೆ ಮಲಗು.

ಇಂತಿ,
ಗಂಟು ಹಾಕಲು ಬಾರದ ನಿನ್ನ ಮೊದ್ದು ತಂಗಿ