ಹೌಸ್‌ಫುಲ್ ಭಾನುವಾರ

ಚಿತ್ರದುರ್ಗ
೧೮ ನವೆಂಬರ್ ೨೦೨೪

ಪರಮಶತ್ರು ಮುರುಗಪ್ಪನಿಗೆ,

ಚಿತ್ರಲಿಂಗಪ್ಪನ ನಮಸ್ಕಾರಗಳು. ಕುಶಲ ಕೇಳುವ ಮೊದಲು ಒಂದು ತಪ್ಪೊಪ್ಪಿಗೆ. ನಾನು, ಕನ್ನಡ ಎಂ.ಎ., ವಯಸ್ಸು ಅರವತ್ತೊಂದು, ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ, ಕಳೆದ ತಿಂಗಳು ಬಸ್ ನಿಲ್ದಾಣದ ಎದುರಿದ್ದ ನಿನ್ನ ಹದಿನೈದು ಅಡಿ ಫ್ಲೆಕ್ಸನ್ನು ಬಿಚ್ಚಿಕೊಂಡು ಹೋಗಿದ್ದೇನೆ. ಅದೀಗ ನಮ್ಮ ಜಯಲಕ್ಷ್ಮಿ ನಾಟಕಶಾಲೆಯ ಒಡೆದ ಹೆಂಚಿನ ಮೇಲೆ ಹಾಸಿಕೊಂಡು ಮಲಗಿದೆ. ನಿನ್ನ ಮುಖ ಆಕಾಶ ನೋಡುತ್ತಿದೆ. ಕಾಗೆಗಳು ತಮ್ಮ ವಿಮರ್ಶೆಯನ್ನು ಆಗಲೇ ದಾಖಲಿಸಿವೆ.

ಉತ್ತರ ತಡವಾಯಿತು, ಕ್ಷಮಿಸು. ಬಿಡುವಿರಲಿಲ್ಲ ಎಂದರೆ ಸುಳ್ಳಾದೀತು. ಸಿಟ್ಟು ಬಿಡಲಿಲ್ಲ, ಅಷ್ಟೇ. ನೀನು ಬರೆದದ್ದೇನು? “ಆ ಕೊಟ್ಟಿಗೆ ಬಿಟ್ಟು ಬಾರಲೇ ಚಿತ್ರ. ನಮ್ ಹಾಲ್‌ಗೆ ಮ್ಯಾನೇಜರ್ ಆಗು. ಎ.ಸಿ. ರೂಮು ಐತೆ, ತಿರುಗೋ ಕುರ್ಚಿ ಐತೆ.” ಕಾಲೇಜಿನ ದಿನಗಳಲ್ಲಿ ಅದೇ ಕೊಟ್ಟಿಗೆಯಲ್ಲಿ ನೀನು ದ್ರೌಪದಿ, ನಾನು ದುಶ್ಶಾಸನ. ಅಂದು ನಿನ್ನ ಸೀರೆ ಎಳೆದದ್ದಕ್ಕೆ ಇಂದು ನನ್ನ ಪ್ರೇಕ್ಷಕರನ್ನು ಎಳೆಯುತ್ತಿದ್ದೀಯ. ನಾನಾದರೂ ವೇಷದಲ್ಲಿದ್ದೆ.

ಹೊಳಲ್ಕೆರೆ ರಸ್ತೆಯಲ್ಲಿ ನಿನ್ನ ಹಾಲ್ ಎದ್ದು ನಿಂತ ಮೇಲೆ ಊರಿಗೆ ವಾರಕ್ಕೊಂದು ವಾದ್ಯಗೋಷ್ಠಿ, ತಿಂಗಳಿಗೊಂದು ನಗೆಹಬ್ಬ. ನಿನ್ನದು ಹವಾನಿಯಂತ್ರಿತ, ನಮ್ಮದು ಹವಾಮಾನ ನಿಯಂತ್ರಿತ. ಒಂಬತ್ತು ಪರದೆ ಇಟ್ಟುಕೊಂಡೂ ಪರದಾಡುತ್ತಿದ್ದೇವೆ, ಒಪ್ಪಿದೆ. ಧರ್ಮಪುರದ ತಂಡ ನಿನ್ನ ಕಡೆ ಬಂತು, ಬಿ.ದುರ್ಗದವರೂ ಬಂದರು. ಅವರ ಐದು ಗಂಟೆಯ ಪೌರಾಣಿಕ ನಾಟಕವನ್ನು ನೀನು ಎರಡು ಗಂಟೆಗೆ ಇಳಿಸಿದೆ. ಹಾಲ್ ನಿನ್ನದು, ನೀರು ಬೆರೆಸುವ ಹಕ್ಕೂ ನಿನ್ನದೇ. ಆದರೆ ನಟರಿಗೆ ಹಾರ ಹಾಕುವುದನ್ನೂ ನಿಲ್ಲಿಸಿದೆಯಲ್ಲ, ಅದನ್ನು ಮಾತ್ರ ಸಹಿಸಲಾರೆ. ಹಳ್ಳಿಯವನು ಮೂರು ತಿಂಗಳು ಮಾತು ಬಾಯಿಪಾಠ ಮಾಡುವುದು ಯಾತಕ್ಕೆ? ಯುದ್ಧದ ನಡುವೆ ಅವನ ಹೆಂಡತಿ, ಭಾವಮೈದುನ, ಸೋದರತ್ತೆ ರಂಗ ಹತ್ತಿ ಹಾರ ಹಾಕುತ್ತಾರೆ, ಭೀಮ ಗದೆ ಪಕ್ಕಕ್ಕಿಟ್ಟು ತಲೆ ಬಾಗಿಸುತ್ತಾನೆ, ದುರ್ಯೋಧನ ಕಾಯುತ್ತಾನೆ. ಆ ಗಳಿಗೆಗಾಗಿ. ನಿನ್ನ ಎಲ್ಇಡಿ ಪರದೆಗೆ ಅದು ಅಡಚಣೆಯಂತೆ!

ಈಗ ಮುಖ್ಯ ಸುದ್ದಿ. ನಮ್ಮ ಟ್ರಸ್ಟಿನವರು ಕಡೇ ಮಾತು ಹೇಳಿದ್ದರು: ಮೂರನೇ ತಾರೀಖಿನ ಭಾನುವಾರ, ಹಿರೇಗುಂಟನೂರಿನವರ ನಾಟಕಕ್ಕೆ ಜನ ತುಂಬಿದರೆ ನಾಟಕಶಾಲೆ ಉಳಿಯುತ್ತದೆ, ಇಲ್ಲದಿದ್ದರೆ ಸಿದ್ಧ ಉಡುಪಿನ ಮಾರಾಟದವರಿಗೆ ಬಾಡಿಗೆ. ಪರದೆ ಎಳೆಯುವ ನಮ್ಮ ಕಾಟಯ್ಯ ಎರಡು ದಿನ ಊಟ ಬಿಟ್ಟಿದ್ದ. “ಸಾ, ಶರ್ಟು ಪ್ಯಾಂಟು ಮಾರೋರಿಗೆ ನಾನ್ಯಾವ ಪರದೆ ಎಳೀಲಿ? ಬಟ್ಟೆ ಹಾಕ್ಕೊಂಡು ನೋಡೋ ರೂಮಿಂದಾ?” ಎಂದ.

ಕೇಳಿಸಿಕೋ ಮುರುಗಪ್ಪ. ಹೌಸ್‌ಫುಲ್! ಸಂಜೆ ಆರಕ್ಕೇ ಬೋರ್ಡು ನೇತುಬಿತ್ತು. ಬಾಗಿಲಿಗೆ ಬಂದವರನ್ನು ನಾನೇ ಕೈಮುಗಿದು ವಾಪಸು ಕಳಿಸಿದೆ. ನಿನ್ನ ತಿರುಗುವ ಕುರ್ಚಿಯನ್ನು ನೀನೇ ತಿರುಗಿಸಿಕೋ.

ಸರ್ವಮಂಗಳ ಅತ್ತಿಗೆಯವರಿಗೆ ನಮಸ್ಕಾರ, ಮಗಳು ಪಲ್ಲವಿಗೆ ಆಶೀರ್ವಾದ. ನಿನಗೆ ನೆಗಡಿಯಾಗಲಿ, ಎ.ಸಿ. ಸಾರ್ಥಕವಾಗಲಿ.

ನಿನ್ನ ಏಳಿಗೆ ಬಯಸದ,
ಚಿತ್ರಲಿಂಗಪ್ಪ

ಮರೆತ ಮಾತು: ಲಕೋಟೆ ಅಂಟಿಸಿ ಮತ್ತೆ ಹರಿದೆ. ಬೋರ್ಡು ನೇತುಹಾಕಿದಾಗ ಒಳಗಿದ್ದವರು ಹನ್ನೊಂದು ಜನ. ಎದುರಿನ ಟೀ ಅಂಗಡಿಯ ಹತ್ತಿರ ಕಪ್ಪು ಗಾಜಿನ ಬಿಳಿ ಕಾರು ನಿಂತಿತ್ತು. ನಿನ್ನದೇ ಎಂದುಕೊಂಡೆ. ಖಾಲಿ ಬಾಗಿಲು ನಿನ್ನ ಕಣ್ಣಿಗೆ ಬೀಳಬಾರದೆಂದು ಬೋರ್ಡು ಹಾಕಿದೆ, ನೀನು ಹೊರಟ ಕೂಡಲೇ ತೆಗೆಯೋಣವೆಂದು. ಕಾರು ಅಲುಗಲಿಲ್ಲ. ಅಷ್ಟರಲ್ಲಿ ಹಿರೇಗುಂಟನೂರಿನ ಎರಡು ಬಸ್ಸು ಬಂದವು. ನಟರ ಮನೆಮಂದಿ, ಚೀಲದ ತುಂಬ ಹಾರ. ಮುಂದೆ ಭೀಮನ ಪಾತ್ರದವನ ತಾಯಿ ಉಚ್ಚಂಗೆಮ್ಮ.

“ತುಂಬೈತೇನಪ್ಪ?”

ನೀನು ನೋಡುತ್ತಿದ್ದೀಯಲ್ಲ, ಹೇಗೆ ಒಳಗೆ ಬಿಡಲಿ? “ಕಾಲಿಡೋಕೂ ಜಾಗ ಇಲ್ಲಮ್ಮ” ಎಂದೆ.

ಆಕೆಯ ಮುಖ ಅರಳಿತು. “ಪ್ಯಾಟೆ ಜನಾನೇ ತುಂಬೈತಾ! ಗೆದ್ವು ಬಿಡ್ರೇ ನಮ್ ಹುಡುಗ್ರು. ನಾವು ದಿನಾ ನೋಡೋದೇ ಐತೆ, ಅವ್ರು ನೋಡ್ಲಿ. ಹೋಗಾಣ ನಡೀರಿ.” ಹಾರದ ಚೀಲವನ್ನು ನನ್ನ ಕೈಗಿಟ್ಟು ಎಲ್ಲರನ್ನೂ ಬಸ್ಸಿಗೆ ಹತ್ತಿಸಿಕೊಂಡು ಹೋದಳು.

ಒಳಗೆ ಭೀಮ “ನಮ್ಮವ್ವ ಎಲ್ಲಿ ಸಾ?” ಎಂದು ಎರಡು ಸಲ ಕೇಳಿದ. ಬಸ್ಸು ಪಂಕ್ಚರ್ ಎಂದೆ. ಟ್ರಸ್ಟಿನ ಅಧ್ಯಕ್ಷರು ಮೊದಲ ಸಾಲಿನಲ್ಲಿ ಕೂತು ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದರು. ಬರುವ ತಿಂಗಳಿಂದ ಉಡುಪಿನವರು ಬರುತ್ತಾರೆ.

ನಿನ್ನೆ ಟೀ ಅಂಗಡಿಯವನನ್ನು ಕೇಳಿದೆ, ಆವತ್ತು ಮುರುಗಪ್ಪ ಎಷ್ಟು ಹೊತ್ತು ಕೂತಿದ್ದ ಎಂದು.

“ಯಾವ ಮುರುಗಪ್ಪ ಸಾ? ಅದು ಹೊಸದುರ್ಗದ ದನದ ಡಾಕ್ಟ್ರ ಕಾರು. ಕೆಟ್ಟು ನಿಂತಿತ್ತು.”