ಮೂರು ಗೆರೆ ಹಿಂದೆ

12-2-90, ಸೋಮವಾರ. ಸಂಜೆ

ಮೂರು ಲೆನ್ಸ್ ಒರೆಸಿದೆ. ಒಂದರೊಳಗೆ ಫಂಗಸ್ — ಹಾಗೇ ಇಟ್ಟಿದ್ದೇನೆ, ಸರ್ ಬಂದ ಮೇಲೆ ನೋಡಲಿ. ಸರ್, ಅಮ್ಮಾವ್ರು ಇಬ್ಬರೂ ನಿನ್ನೆ ಮೈಸೂರಿಗೆ ಹೋದರು. ಅಮ್ಮಾವ್ರ ತಂಗಿಯ ಮಗಳ ಮದುವೆ. ಬರುವುದು ಮುಂದಿನ ಬುಧವಾರ. ಇಲ್ಲಿ ಮುಂಬಯಿಯ ವಡಾಲಾದ ಅವರ ಮನೆಯ ಮುಂದಿನ ಕೋಣೆಯೇ ನಮ್ಮ ಕ್ಯಾಮೆರಾ ರಿಪೇರಿ ಅಂಗಡಿ. ಒಳಮನೆಗೆ ಬೀಗ. ಅಂಗಡಿಯ ಕೀಲಿ ನನ್ನ ಹತ್ತಿರ. ನಾಲ್ಕು ವರ್ಷದಲ್ಲಿ ಮೊದಲ ಸಲ ಒಬ್ಬಳೇ.

ಹೋಗುವಾಗ ರಾಮಸ್ವಾಮಿ ಸರ್ ಹೇಳಿದ್ದು ಎರಡೇ ಮಾತು. ಒರೆಸುವ ಕೆಲಸ ಮಾಡು. ಆಟೋಫೋಕಸ್ ಕ್ಯಾಮೆರಾ ಬಂದರೆ ತೆಗೆದುಕೊಳ್ಳಬೇಡ.

ಇವತ್ತೇ ಬಂತು.

ತಂದವರು ಜಯಸಿಂಹ. ವಿಕ್ರೋಳಿಯ ಕಂಪನಿಯಲ್ಲಿ ಕ್ಲಾರ್ಕು, ಹಳೆಯ ಗಿರಾಕಿ. ದಪ್ಪ ಕನ್ನಡಕ. ಭಾವ ದುಬೈಯಿಂದ ತಂದುಕೊಟ್ಟ ಕ್ಯಾಮೆರಾ, ಡಬ್ಬಿ ಪುಸ್ತಕ ಸಮೇತ. ಫೋಟೊ ಎಲ್ಲ ಮಬ್ಬು ಬರುತ್ತಿವೆಯಂತೆ. ಒಳಗಿನ ಬಾಗಿಲ ಕಡೆ ನೋಡಿ, “ಪೂಜೇಲಿದ್ದಾರಾ?” ಎಂದರು. ನನ್ನ ಬಾಯಿಂದ “ಹೂಂ” ಎಂದು ಬಂತು. ಯಾಕೆ ಬಂತೋ. ಗಂಡಸರು ಏನೇ ಕೇಳಲಿ, ಮೊದಲು ಹೂಂ ಅನ್ನುತ್ತೇನೆ, ಆಮೇಲೆ ಯೋಚಿಸುತ್ತೇನೆ. ಅಷ್ಟರಲ್ಲಿ ಅವರು ಚೀಟಿಯ ಮೇಲೆ ವಿಳಾಸ, ಫೋನ್ ನಂಬರು ಬರೆದು, ಗುರುವಾರ ಬೇಕೇ ಬೇಕು ಎಂದು ಮೆಟ್ಟಿಲು ಇಳಿದಾಗಿತ್ತು.

ಓಡಿ ಹೋಗಿ ಹೇಳಬಹುದಿತ್ತು. ಗೇಟಿನವರೆಗೆ ಹೋದೆ...

13-2-90

ಲೆನ್ಸ್ ತೆಗೆದು ಒಳಗೆ ನೋಡಿದೆ. ಕನ್ನಡಿಯ ಹಿಂದೆ ಇನ್ನೊಂದು ಚಿಕ್ಕ ಕನ್ನಡಿ. ಅದರಿಂದ ಬೆಳಕು ಕೆಳಗೆ ಇಳಿಯುತ್ತದೆ, ಅಲ್ಲಿ ತಾನಾಗಿ ಫೋಕಸ್ ಹಿಡಿಯುವ ಕ್ಯಾಮೆರಾದ ಕಣ್ಣು ಇದೆ ಎಂದು ಸರ್ ಒಮ್ಮೆ ತೋರಿಸಿದ್ದರು. ಅದರ ಮೇಲೆ ಒಂದು ನೂಲಿನ ಎಳೆ, ಧೂಳು. ಬ್ಲೋವರ್‌ನಿಂದ ಊದಿ ತೆಗೆದೆ. ಇಷ್ಟು ತಪ್ಪಲ್ಲ. ಇದು ಒರೆಸುವ ಕೆಲಸವೇ.

ಆದರೆ ಸರಿಯಾಯಿತೋ ಇಲ್ಲವೋ ತಿಳಿಯಬೇಡವೇ. ಸರ್ ಹಳೆಯ ಕೈ-ಫೋಕಸ್ ಕ್ಯಾಮೆರಾಗಳಿಗೆ ಮಾಡುವ ಹಾಗೆ ಟೆಸ್ಟ್ ಮಾಡಿದೆ. ಸ್ಕೂಲ್ ನೋಟ್‌ಬುಕ್ಕಿನ ಗೆರೆ ಹಾಳೆ, ಓರೆ ಇಟ್ಟ ಹಲಗೆಯ ಮೇಲೆ. ಹತ್ತನೆಯ ಗೆರೆ ಕೆಂಪು. ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ ಕೆಂಪು ಗೆರೆಗೆ ಫೋಕಸ್ ಮಾಡಿ ಒತ್ತಬೇಕು. ಫಿಲ್ಮ್ ತೊಳೆದು ಭೂತಗನ್ನಡಿಯಲ್ಲಿ ನೋಡಿದರೆ ಕೆಂಪು ಗೆರೆಯೇ ಎಲ್ಲಕ್ಕಿಂತ ಹರಿತವಾಗಿ ಕಾಣಬೇಕು. ಸರ್ ಹಾಳೆಯನ್ನು ಅಂಟಿನಿಂದ ಅಂಟಿಸುತ್ತಾರೆ. ನನಗೆ ಆತುರ. ಫ್ಯಾನ್ ಗಾಳಿಗೆ ಹಾಳೆ ಉಬ್ಬುತ್ತಿತ್ತು, ನಡುವೆ ಒಂದು ಉದ್ದ ಗುಂಡುಸೂಜಿ ಚುಚ್ಚಿ ನಿಲ್ಲಿಸಿದೆ.

ಲೆನ್ಸ್ ಗುರ್ ಎಂದು ಹಿಂದೆ ಮುಂದೆ ಓಡಾಡಿತು. ಆಮೇಲೆ ನಿಂತಿತು. ಆರು ಸಲ ತೆಗೆದೆ. ಕೋಣೆಯ ಮೂಲೆಯ ಬಚ್ಚಲಲ್ಲೇ ಫಿಲ್ಮ್ ತೊಳೆದೆ.

ಹರಿತವಾಗಿರುವುದು ಹದಿಮೂರನೆಯ ಗೆರೆ. ಆರರಲ್ಲೂ. ಮೂರು ಗೆರೆ ಹಿಂದೆ.

14-2-90

ನಿದ್ದೆ ಸರಿ ಇಲ್ಲ. ಬೆಳಿಗ್ಗೆ ಲೋಕಲ್‌ನಲ್ಲಿ ನಿಂತಾಗಲೂ ಅದೇ. ವಾಪಸ್ ಕೊಟ್ಟು, ಸರ್ ಊರಲ್ಲಿಲ್ಲ, ನಾನು ಸುಳ್ಳು ಹೇಳಿದೆ ಎನ್ನಬೇಕು. ಅಥವಾ ಸರಿ ಮಾಡಿಯೇ ಕೊಡಬೇಕು.

ಕೆಳಗಿನ ತಗಡು ಬಿಚ್ಚಿದರೆ ಒಂದು ಸ್ಕ್ರೂ. ಅದನ್ನು ತಿರುಗಿಸಿದರೆ ಚಿಕ್ಕ ಕನ್ನಡಿ ಏಳುತ್ತದೆ, ಇಳಿಯುತ್ತದೆ. ಸರ್ ಕಳೆದ ದೀಪಾವಳಿಯಲ್ಲಿ ಒಂದು ಕ್ಯಾಮೆರಾಕ್ಕೆ ಮಾಡಿದ್ದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ತುಸು ತಿರುಗಿಸಿದೆ. ಟೆಸ್ಟ್. ಮತ್ತೆ ತಿರುಗಿಸಿದೆ. ಟೆಸ್ಟ್. ಮೂರನೆಯ ಸಲಕ್ಕೆ ಕೆಂಪು ಗೆರೆ ಬ್ಲೇಡಿನ ಅಲಗಿನ ಹಾಗೆ ಬಂತು.

ಒಟ್ಟು ಕಾಲು ಸುತ್ತು. ಎಡಕ್ಕೆ. ಬರೆದಿಟ್ಟಿದ್ದೇನೆ.

ಒಬ್ಬಳೇ ನಕ್ಕೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಈ ಬಿಲ್ಡಿಂಗಿನಲ್ಲಿ ಪಾತ್ರೆ ತಿಕ್ಕುವ ಸುಂದ್ರವ್ವನ ಮಗಳು, ಆಟೋಫೋಕಸ್ ಸರಿ ಮಾಡಿದೆ.

15-2-90, ಗುರುವಾರ

ಜಯಸಿಂಹ ಬಂದರು. ಕಿಟಕಿಯಿಂದ ರಸ್ತೆಯ ಕಡೆ ಹಿಡಿದು ಒತ್ತಿ ನೋಡಿದರು. ಗುರ್ ಎಂದು ತಕ್ಷಣ ನಿಂತಿತು. ಖುಷಿ. ಕೂತುಕೊಂಡು ಮಾತಾಡಿದರು. ಸಾಮಾನ್ಯವಾಗಿ ಕೂರುವವರಲ್ಲ.

ತಂದೆಗೆ ಹಾರ್ಟ್ ಆಪರೇಷನ್ನಂತೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ಭಾನುವಾರ ಮಧ್ಯಾಹ್ನವೇ ಅಡ್ಮಿಟ್ ಆಗಬೇಕು. ಡಾಕ್ಟರು ಅರ್ಧ-ಅರ್ಧ ಎಂದಿದ್ದಾರೆ. ಮನೆಯಲ್ಲಿ ತಂದೆಯದು ಒಂದೂ ಸರಿಯಾದ ಫೋಟೊ ಇಲ್ಲ. ಇರುವುದೆಲ್ಲ ಗುಂಪಿನಲ್ಲಿ, ಹಿಂದಿನ ಸಾಲಿನಲ್ಲಿ. ತಾವೇ ಎಷ್ಟು ಸಲ ತೆಗೆದರೂ ಮಬ್ಬು — ಕಣ್ಣು ಸಾಲದು, ಅದಕ್ಕೇ ಈ ಆಟೋಫೋಕಸ್ ತರಿಸಿದ್ದು.

“ಮೊದಲೇ ಒಂದು ತೆಗೆದಿಡೋಣ ಅಂತ. ಆಮೇಲೆ ಏನೋ... ಹೇಳಕ್ಕಾಗಲ್ಲ ನೋಡು. ರಾಮಸ್ವಾಮಿಯವರ ಕೈ ಮುಟ್ಟಿದೆ, ಇನ್ನು ನನಗೆ ಚಿಂತೆ ಇಲ್ಲ.”

ಹೂಂ ಎಂದೆ.

17-2-90, ಶನಿವಾರ. ಮಧ್ಯಾಹ್ನ

ಅಕ್ಷರ ನೆಟ್ಟಗಿಲ್ಲ.

ಟೆಸ್ಟ್ ನೆಗೆಟಿವ್‌ಗಳನ್ನು ಲಕೋಟೆಗೆ ಹಾಕುತ್ತಿದ್ದೆ. ಸುಮ್ಮನೆ ಇನ್ನೊಮ್ಮೆ ಭೂತಗನ್ನಡಿ ಇಟ್ಟೆ. ಮಂಗಳವಾರದ್ದು, ಸ್ಕ್ರೂ ಮುಟ್ಟುವ ಮೊದಲಿನದು. ಅವತ್ತು ಗೆರೆಗಳನ್ನಷ್ಟೇ ಎಣಿಸಿದ್ದೆ. ಸೂಜಿ ನೋಡಿರಲಿಲ್ಲ.

ಸೂಜಿ ಚುಚ್ಚಿದ್ದು ಹದಿಮೂರನೆಯ ಗೆರೆಯ ಮೇಲೆ. ಅದು ಎಷ್ಟು ಹರಿತವಾಗಿದೆಯೆಂದರೆ ಸೂಜಿಯ ತಲೆಯ ಮೇಲಿನ ಬೆಳಕಿನ ಚುಕ್ಕೆಯೂ ಕಾಣುತ್ತದೆ.

ಕ್ಯಾಮೆರಾ ಕೆಂಪು ಗೆರೆಯನ್ನು ನೋಡಿಯೇ ಇರಲಿಲ್ಲ. ಸೂಜಿಯನ್ನು ನೋಡಿತ್ತು.

ಜಯಸಿಂಹ ಕ್ಯಾಮೆರಾದ ಪುಸ್ತಕ ಇಲ್ಲೇ ಮರೆತಿದ್ದಾರೆ. ಇಂಗ್ಲಿಷು, ನನಗೆ ಬರದು. ಆದರೆ ಒಂದು ಪುಟದಲ್ಲಿ ಚಿತ್ರಗಳಿವೆ. ಅಡ್ಡ ಪಟ್ಟಿಗಳ ಕಿಟಕಿ, ಅದರ ಮೇಲೆ ತಪ್ಪೆಂದು ಕಾಟು. ಪಕ್ಕದಲ್ಲೇ ಅದೇ ಕಿಟಕಿ, ಆದರೆ ಕ್ಯಾಮೆರಾವನ್ನು ಎಬ್ಬಿಸಿ ನಿಲ್ಲಿಸಿ ಹಿಡಿದ ಕೈ. ಸೋಮವಾರವೂ ಈ ಚಿತ್ರ ನೋಡಿ ಪುಟ ತಿರುವಿದ್ದೆ. ಈಗ ತಿಳಿಯಿತು. ಈ ಕ್ಯಾಮೆರಾದ ಕಣ್ಣಿಗೆ ಅಡ್ಡಗೆರೆ ಕಾಣುವುದಿಲ್ಲ. ನಿಂತ ಗೆರೆ ಮಾತ್ರ ಕಾಣುತ್ತದೆ. ನನ್ನ ಹಾಳೆಯ ತುಂಬ ಅಡ್ಡಗೆರೆ. ನಿಂತದ್ದು ಸೂಜಿಯೊಂದೇ.

ಅಂದರೆ ಧೂಳು ತೆಗೆದಾಗಲೇ ಕ್ಯಾಮೆರಾ ಸರಿಯಾಗಿತ್ತು. ಸರಿಯಿದ್ದದ್ದನ್ನು ನಾನು ಕಾಲು ಸುತ್ತು ಕೆಡಿಸಿದೆ. ಈಗ ಅದು ಯಾವುದನ್ನು ನೋಡಿದರೂ ಅದರ ಮುಂದಿನದನ್ನು ಹಿಡಿಯುತ್ತದೆ. ಹತ್ತಿರದಲ್ಲಿ ಮೂರು ಗೆರೆ. ದೂರ ಹೆಚ್ಚಿದಷ್ಟೂ ತಪ್ಪೂ ಹೆಚ್ಚು. ಕುರ್ಚಿಯಲ್ಲಿ ಕೂತ ಮನುಷ್ಯನಾದರೆ ಮಂಡಿ ಹರಿತ, ಮುಖ ಮಬ್ಬು.

ನಾಳೆ ಮಧ್ಯಾಹ್ನ ಅವರು ಆಸ್ಪತ್ರೆಗೆ ಹೋಗುತ್ತಾರೆ.

ಚೀಟಿಯ ಮೇಲಿನ ಫೋನ್ ನಂಬರಿಗೆ ಮಾಡಿದೆ. ಆಫೀಸಿನದು. ಯಾರೂ ಎತ್ತುತ್ತಿಲ್ಲ.

ಅದೇ ದಿನ, ಮನೆ

ಕುರ್ಲಾದ ಮನೆಗೆ ಬಂದದ್ದೇ ಅವ್ವನಿಗೆ ಮುಖ ನೋಡಿಯೇ ಗೊತ್ತಾಯಿತು. ಹೇಳಿದೆ. ರೊಟ್ಟಿ ಬಡಿಯುತ್ತಲೇ ಕೇಳಿದಳು. ಫೋಟೊ ಕೆಟ್ಟರೆ ಯಾರು ಕೆಡಿಸಿದ್ದು ಎಂದು ಫೋಟೊ ಹೇಳುತ್ತದೇನು ಎಂದಳು. ಆಟೋಫೋಕಸ್ ತೆಗೆದುಕೊಳ್ಳಬೇಡ ಎಂದಿದ್ದನ್ನು ತೆಗೆದುಕೊಂಡೆ, ಸ್ಕ್ರೂ ಬೇರೆ ಮುಟ್ಟಿದೆ — ಸರ್‌ಗೆ ತಿಳಿದರೆ ನನ್ನ ಕೆಲಸವೂ ಹೋಗುತ್ತದೆ, ಆ ಬಿಲ್ಡಿಂಗಿನ ಅವಳ ನಾಲ್ಕು ಮನೆಯ ಕೆಲಸವೂ ಹೋಗುತ್ತದೆ ಎಂಬುದು ಅವಳ ಭಯ.

“ಸುಮ್ಮ ಕುಂದ್ರು. ಬಾಯಿ ಇಲ್ಲದಾಕಿ, ಅಲ್ಲಿ ಹೋಗಿ ಏನ ಹೇಳತಿ? ಹೂಂ ಅಂತ ನಿಂದರತಿ, ಅಷ್ಟ.”

ಅದು ನಿಜ. ಚೀಟಿಯ ಮೇಲಿನ ವಿಳಾಸ ತೆಗೆದು ಇನ್ನೊಮ್ಮೆ ಓದಿದೆ.

18-2-90, ಭಾನುವಾರ. 8-10, ಕುರ್ಲಾ ಸ್ಟೇಷನ್

ಅವ್ವ ನಲ್ಲಿಗೆ ಹೋದಾಗ ಜಯಸಿಂಹರ ಮನೆಗೆ ಹೊರಟೆ. ಚೀಲದಲ್ಲಿ ಸ್ಕ್ರೂಡ್ರೈವರ್, ಟೆಸ್ಟಿಗೆ ಇಟ್ಟ ಬ್ಲ್ಯಾಕ್ ಅಂಡ್ ವೈಟ್ ಫಿಲ್ಮ್ ಒಂದು, ಅವರ ಪುಸ್ತಕ. ಭಾನುವಾರ, ಗಾಡಿ ಕಡಿಮೆ. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೇನೆ. ಮೊದಲ ಮಾತೇ ಸಿಗುತ್ತಿಲ್ಲ. ಅವರು ಫೋಟೊ ಇನ್ನೂ ತೆಗೆದಿರದಿದ್ದರೆ... ಗಾಡಿ ಬಂತು.

ಅದೇ ದಿನ, 2-30. ಅಂಗಡಿಯಲ್ಲಿ

ತೆಗೆದಾಗಿತ್ತು. ಶುಕ್ರವಾರ ಸಂಜೆಯೇ ಒಂದು ಕಲರ್ ರೋಲ್ ಪೂರ್ತಿ.

ಬಾಗಿಲು ತೆರೆದವರು ತಂದೆಯೇ. ಕೇಶವಮೂರ್ತಿ. ಬಿಳಿ ಬನಿಯನ್, ತೆಳ್ಳಗಿನ ಕುತ್ತಿಗೆ, ಮೂಗು ಮಾತ್ರ ದೊಡ್ಡದು. ಯಾರಮ್ಮ ಎಂದರು. ಹೂಂ ಎಂದೆ. ನಕ್ಕು ಒಳಗೆ ಕರೆದರು. ಮೂಲೆಯಲ್ಲಿ ಆಸ್ಪತ್ರೆಗೆ ಕಟ್ಟಿಟ್ಟ ಚೀಲ, ಫ್ಲಾಸ್ಕು. ಜಯಸಿಂಹ ಒಳಗಿಂದ ಬಂದರು. ಅವರನ್ನು ಕಂಡದ್ದೇ ಕಲಿತದ್ದೆಲ್ಲ ಮರೆಯಿತು. ಪುಸ್ತಕ ಚಾಚಿದೆ. ಥ್ಯಾಂಕ್ಸ್, ಇದಕ್ಕಾಗಿ ಇಷ್ಟು ದೂರ ಬಂದೆಯಾ ಎಂದರು.

ಅಲ್ಲೇ ತಿರುಗಿ ಬರಬಹುದಿತ್ತು. ಅವರೇ ದಾರಿ ಕೊಟ್ಟಿದ್ದರು.

ಚಿತ್ರದ ಪುಟ ತೆಗೆದು ತೋರಿಸಿದೆ. ಆಮೇಲೆ ಮಾತು ಬಂತು. ತಲೆ ತಗ್ಗಿಸಿ, ನೆಲದ ಟೈಲ್ಸಿಗೆ ಹೇಳಿದೆ — ಸೂಜಿ, ಗೆರೆ, ಕಾಲು ಸುತ್ತು, ಎಲ್ಲ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ರಾಮಸ್ವಾಮಿಯವರು ನೋಡಲಿಲ್ವಾ?”

“ಅವರು ಊರಾಗ ಇಲ್ರಿ. ಹೋದ ಆಯಿತವಾರನ ಹೋಗ್ಯಾರ್ರಿ.”

“ಪೂಜೇಲಿದ್ದಾರಾ ಅಂದಾಗ ನೀನು ಹೂಂ ಅಂದೆ.”

“ಅಂದೆರಿ.”

ಜಯಸಿಂಹ ಕನ್ನಡಕ ತೆಗೆದು ತಮ್ಮ ಬನಿಯನ್ನಿಗೆ ಒರೆಸಿಕೊಂಡರು. ಹಾಕಿಕೊಳ್ಳಲಿಲ್ಲ. ಕಾಲು ಸುತ್ತು ಬಲಕ್ಕೆ ತಿರುಗಿಸಿದರೆ ಮೊದಲಿನಂತೆ ಆಗುತ್ತದೆ, ಸ್ಕ್ರೂಡ್ರೈವರ್ ತಂದಿದ್ದೇನೆ ಎಂದೆ. ಇನ್ನು ಅದರ ಮೇಲೆ ಕೈ ಇಟ್ಟೀಯ ಎಂದರು, ಮೆಲ್ಲಗೆ. ಸರಿಯೇ. ತಿರುಗಿಸಿದರೂ ಟೆಸ್ಟ್ ಮಾಡಿ ನೋಡಲು ವೇಳೆ ಎಲ್ಲಿತ್ತು. ಹನ್ನೊಂದಕ್ಕೆ ಟ್ಯಾಕ್ಸಿ.

ಆಗ ಹೇಳಿದೆ, ಕೆಟ್ಟದ್ದು ಆಟೋ ಮಾತ್ರ, ಗುಂಡಿ ಮೇಲಕ್ಕೆ ತಳ್ಳಿ ಕೈಯಿಂದ ಫೋಕಸ್ ಮಾಡಿದರೆ ಗಾಜಿನಲ್ಲಿ ಕಂಡದ್ದೇ ಬರುತ್ತದೆ. ಜಯಸಿಂಹ ಕ್ಯಾಮೆರಾ ಎತ್ತಿ ತಂದೆಯ ಕಡೆ ಹಿಡಿದು ಲೆನ್ಸಿನ ಉಂಗುರ ತಿರುಗಿಸಿದರು. ತಿರುಗಿಸಿದರು. ಮತ್ತೆ ತಿರುಗಿಸಿದರು. ಇಳಿಸಿದರು. ನನಗೆ ಮಬ್ಬು, ಸ್ಪಷ್ಟ ಎರಡೂ ಒಂದೇ ಥರ ಕಾಣುತ್ತೆ ಎಂದರು.

ಕೇಶವಮೂರ್ತಿಯವರು ಮಗನ ಕಡೆ ತಿರುಗಿದರು.

“ಆ ಮಗೂಗೆ ಕೊಡೋ. ಸುಳ್ಳು ಹೇಳಿದವಳು ನಿಜ ಹೇಳೋಕೆ ಬಂದಿದ್ದಾಳೆ, ಅದೇನು ಸುಮ್ಮನೆಯಾ? ನನ್ನ ಮೂಗು ಮಬ್ಬಾಗೇ ಬರಲಿ ಅಂತ ನಾನೂ ಬೇಡಿಕೊಳ್ತೀನಿ.”

ನಾನು ಆಗಲ್ಲ ಎನ್ನಬೇಕಿತ್ತು. ಹೂಂ ಎಂದೆ.

ಕಪ್ಪು ಬಿಳುಪು ಫಿಲ್ಮ್ ಹಾಕಿಕೊಂಡೆ. ನಾನೇ ತೊಳೆಯಬಲ್ಲದ್ದು ಅದೊಂದೇ. ತಂದೆಯನ್ನು ಕಿಟಕಿಯ ಪಕ್ಕ ಕೂರಿಸಿದರು. ಅಂಗಿ ಹಾಕಿಕೊಳ್ಳಿ ಎಂದರು ಮಗ. ಅವರು ಬೇಡ ಎಂದರು.

ಇವತ್ತಿನವರೆಗೆ ನಾನು ತೆಗೆದದ್ದೆಲ್ಲ ಗೆರೆಗಳದ್ದು. ಮನುಷ್ಯರದು ಒಂದೂ ಇಲ್ಲ. ಯಾರ ಕಣ್ಣನ್ನೂ ಅಷ್ಟು ಹೊತ್ತು ನೋಡಿಲ್ಲ, ಅವ್ವನದನ್ನೂ. ಕಣ್ಣಿನ ಮೇಲೆ ಫೋಕಸ್ ಮಾಡಬೇಕಾದರೆ ಕಣ್ಣನ್ನೇ ನೋಡಬೇಕು, ಬೇರೆ ದಾರಿ ಇಲ್ಲ. ಅವರು ನನ್ನನ್ನೇ ನೋಡುತ್ತಿದ್ದರು. ಮೊದಲ ಎರಡರಲ್ಲಿ ಉಸಿರು ಹಿಡಿಯಲಿಲ್ಲ. ಮೂರರಲ್ಲಿ ಅವರು ಕೆಮ್ಮಿದರು. ಆಮೇಲೆ ಅವರು ಮಾತು ತೆಗೆದರು. ನಿಮ್ಮದು ಯಾವ ಊರು, ಶಾಲೆ ಎಲ್ಲಿವರೆಗೆ. ನಾನು ಉಂಗುರ ತಿರುಗಿಸುತ್ತಿದ್ದೆ. ನಾಲ್ಕು. ಐದು. ಆರನೆಯದಕ್ಕೆ ಅವರು ಮಾತು ನಿಲ್ಲಿಸಿದರು. ಕಿಟಕಿಯ ಹೊರಗೆ ಟ್ಯಾಕ್ಸಿ ಹಾರ್ನ್. ಮುಖದಿಂದ ನಗು ಇಳಿಯಿತು, ಆದರೆ ಅವರು ನನ್ನಿಂದ ಕಣ್ಣು ತೆಗೆಯಲಿಲ್ಲ. ಆಗ ಒತ್ತಿದೆ.

ಜಯಸಿಂಹ ಫಿಲ್ಮನ್ನು ನನ್ನ ಕೈಗೇ ಕೊಟ್ಟರು. ನಾಳೆ ಹತ್ತರ ಹೊತ್ತಿಗೆ ಆಸ್ಪತ್ರೆಯಿಂದ ಅಂಗಡಿಗೆ ಫೋನ್ ಮಾಡುತ್ತಾರಂತೆ, ಫೋಟೊ ಬಂದಿದೆಯೋ ಇಲ್ಲವೋ ಕೇಳಲು.

ಇವತ್ತೇ ತೊಳೆಯಬೇಕೆಂದು ಬಂದೆ. ಡೆವಲಪರ್ ಮುಗಿದಿದೆ. ಭಾನುವಾರ, ಮಾಟುಂಗಾದ ಫೋಟೊ ಸಾಮಾನಿನ ಅಂಗಡಿ ಮುಚ್ಚಿದೆ.

19-2-90, ಸೋಮವಾರ. 9-40

ಮಾಟುಂಗಾದ ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತು ಡೆವಲಪರ್ ಪುಡಿ ತಂದೆ. ಒಂಬತ್ತಕ್ಕೆ ಕೇಶವಮೂರ್ತಿಯವರನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗಿರುತ್ತಾರೆ. ಬೆಳಕು ಹೋಗದ ಕಪ್ಪು ಚೀಲದೊಳಗೆ ಕೈ ಹಾಕಿ ಫಿಲ್ಮ್ ಸುತ್ತುವಾಗ ಒಮ್ಮೆ ಸಿಕ್ಕಿಕೊಂಡಿತು. ಬಿಡಿಸಿದೆ. ಎಷ್ಟು ಹೊತ್ತಾಯಿತೋ.

9-55

ಒದ್ದೆಯಿರುವಾಗ ನೋಡಬಾರದು ಎನ್ನುತ್ತಾರೆ ಸರ್. ಬುಧವಾರ ಸರ್‌ಗೂ ಎಲ್ಲ ಹೇಳಬೇಕು. ಕಿಟಕಿಗೆ ಹಿಡಿದೆ. ಮೊದಲ ಎರಡು ಅಲುಗಿವೆ. ಮೂರನೆಯದರಲ್ಲಿ ಕೈ ಬಾಯಿಗೆ ಅಡ್ಡ. ನಾಲ್ಕು — ಕಿವಿ ಹರಿತ, ಕಣ್ಣು ಮಬ್ಬು. ಐದರಲ್ಲಿ ರೆಪ್ಪೆ ಮುಚ್ಚಿದೆ.

ಉಳಿದದ್ದು ಒಂದು.

ಭೂತಗನ್ನಡಿ ಇಟ್ಟೆ. ನೆಗೆಟಿವ್, ಅದಕ್ಕೇ ರೆಪ್ಪೆಗೂದಲು ಬಿಳಿ. ಎಡಗಣ್ಣು. ಒಂದು, ಎರಡು, ಮೂರು... ಬೇರೆ ಬೇರೆಯಾಗಿ ಕಾಣುತ್ತಿವೆ, ನಾಲ್ಕು, ಐದು, ಫೋನ್ ಬಡಿಯುತ್ತಿದೆ, ಆರು